11 ತಿಂಗಳ ಡಾಕ್ಟರು

ಗರ್ಭಕೋಶ, ಅಂಡಾಶಯದ ಗಡ್ಡೆಗಳನ್ನೇ ವಿಶೇಷವಾಗಿ ಓದಿದ ಪೆಥಾಲಜಿಸ್ಟ್ ಗೆಳತಿಗೆ ಒಂದು ಬೋಧನಾ ಆಸ್ಪತ್ರೆ ಕೊಟ್ಟ ಆಫರ್ ಏನು ಗೊತ್ತಾ? 11 ತಿಂಗಳ ಕಾಂಟ್ರಾಕ್ಟ್. ಇಂಟರ್‌ವ್ಯೂನಲ್ಲಿ ಕೇಳಿದ್ದು, "ಇನ್‌ಸ್ಪೆಕ್ಷನ್ ದಿನ ಇರ್ತೀರಲ್ಲ?" ಮೈಕ್ರೋಸ್ಕೋಪಿನ ಮಾತೇ ಇಲ್ಲ.

ಸ್ವಾಮಿ, ಇದು ಹಾಜರಿ ಪುಸ್ತಕ ತುಂಬಿಸೋ ಕೆಲಸ ಅಲ್ಲ. ಹೊಟ್ಟೆ ಕೊಯ್ದ ಹೆಂಗಸು ಟೇಬಲ್ ಮೇಲಿರ್ತಾಳೆ. ಅಂಡಾಶಯದ ಚೂರನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು ನೋಡಿ, ಸುಮಾರು 20 ನಿಮಿಷದಲ್ಲಿ ಇವಳು ಹೇಳಬೇಕು: ಕ್ಯಾನ್ಸರೋ, ಅಲ್ವೋ. ಸರ್ಜನ್ ಗಡ್ಡೆಯಷ್ಟೇ ತೆಗೀಬೇಕೋ, ಗರ್ಭಕೋಶವನ್ನೂ ತೆಗೀಬೇಕೋ ಅನ್ನೋದು ಆ ಮಾತಿನ ಮೇಲೆ ನಿಂತಿರುತ್ತೆ. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ರೆ ಹೆಚ್ಚು ಕಾಣೋದು ಗರ್ಭಕಂಠದ್ದು. ಅದನ್ನು ಪಿಜಿ ಹುಡುಗರಿಗೆ ಸ್ಲೈಡಿನಲ್ಲಿ ತೋರಿಸಿಕೊಡೋರು ಯಾರು?

ಗೆಳತಿ ಈಗ ಖಾಸಗಿ ಲ್ಯಾಬ್ ಸೇರಿದ್ದಾಳೆ. ಆ ಆಸ್ಪತ್ರೆಯ ಜಾಹೀರಾತು ಮೊನ್ನೆ ಮತ್ತೆ ಬಂತು. ಅದೇ 11 ತಿಂಗಳು. "ಒಳ್ಳೆ ಅಭ್ಯರ್ಥಿಗಳೇ ಸಿಗಲ್ಲ" ಅಂತ ಗೊಣಗಾಟ ಬೇರೆ.