ಗೋದಲಿ ಕಟ್ಟಿದ ಕೈಗಳು ಯಾರವು?



ಆಗಮನ ಕಾಲ ಆರಂಭವಾಗುತ್ತಿದ್ದಂತೆಯೇ ನಮ್ಮ ಅನೇಕ ಪ್ರಾಥಮಿಕ ಶಾಲೆಗಳ ಮಕ್ಕಳ ಡೈರಿಯಲ್ಲಿ ಒಂದು ಸೂಚನೆ ಕಾಣಿಸಿಕೊಳ್ಳುತ್ತದೆ: ಗೋದಲಿಯ ಮಾದರಿಯನ್ನು ಮನೆಯಲ್ಲಿ ತಯಾರಿಸಿ ತರಬೇಕು, ಉತ್ತಮವಾದುದಕ್ಕೆ ಬಹುಮಾನವಿದೆ. ಎರಡನೆಯ ತರಗತಿಯ ಮಗುವಿಗೆ ಬಂದ ಈ ಸೂಚನೆಯನ್ನು ನೆರವೇರಿಸುವವರು ಯಾರು? ಮಗು ಮಲಗಿದ ಮೇಲೆ ತಾಯಿ ಕತ್ತರಿ ಹಿಡಿಯುತ್ತಾರೆ, ತಂದೆ ಥರ್ಮಾಕೋಲ್ ಕೊಯ್ಯುತ್ತಾರೆ. ಇಬ್ಬರಿಗೂ ಬಿಡುವಿಲ್ಲದಿದ್ದರೆ ಅಂಗಡಿಯಲ್ಲಿ ಸಿದ್ಧ ಮಾದರಿ ದೊರೆಯುತ್ತದೆ. ಮರುದಿನ ಮಗು ಅದನ್ನು ಶಾಲೆಗೆ ಹೊತ್ತು ತಂದು, ತನ್ನ ಹೆಸರಿನ ಚೀಟಿ ಅಂಟಿಸಿ, ಮೇಜಿನ ಮೇಲಿಡುತ್ತದೆ.

ಆ ಚೀಟಿಯಲ್ಲಿರುವುದು ಸುಳ್ಳು ಎಂದು ಹೇಳಲು ನಾವೇಕೆ ಹಿಂಜರಿಯುತ್ತೇವೆ? ಅನ್ಯರ ದುಡಿಮೆಯನ್ನು ತನ್ನದೆಂದು ತೋರಿಸಬಹುದು ಎಂಬ ಪಾಠವನ್ನು ಮಗು ಕಲಿಯಿತು. ಹಣವುಳ್ಳ ಮನೆಯ ಗೋದಲಿಗೆ ಬಹುಮಾನ ಸಲ್ಲುತ್ತದೆ ಎಂಬುದನ್ನೂ ಕಲಿಯಿತು. ದಿನಗೂಲಿಯಿಂದ ಬಾಳುವ ಮನೆಯ ಮಗು, ತಾನೇ ಅಂಟಿಸಿದ ರಟ್ಟಿನ ಕೊಟ್ಟಿಗೆಯನ್ನು ಮೇಜಿನ ಮೂಲೆಯಲ್ಲಿಟ್ಟು ತಲೆ ತಗ್ಗಿಸಿತು. ಸತ್ರದಲ್ಲಿ ಸ್ಥಳ ಸಿಗದವರ ಕಥೆಯನ್ನು ಸಾರಬೇಕಾದ ಗೋದಲಿಯೇ ಒಬ್ಬ ಬಡ ಬಾಲಕನನ್ನು ಮೂಲೆಗೆ ತಳ್ಳಿದರೆ, ಅದನ್ನು ಕ್ರೈಸ್ತ ಶಿಕ್ಷಣವೆಂದು ಕರೆಯಲಾದೀತೇ?

ಇದಕ್ಕೆ ಸಮರ್ಥನೆಗಳಿಲ್ಲದಿಲ್ಲ. 'ಎಲ್ಲರೂ ಚೆಂದದ್ದನ್ನು ತರುವಾಗ ನಮ್ಮ ಮಗು ಅವಮಾನಪಡಬಾರದಲ್ಲ' ಎನ್ನುತ್ತಾರೆ ಪೋಷಕರು. 'ನಲವತ್ತು ಮಕ್ಕಳ ತರಗತಿ, ಮುಗಿಸಬೇಕಾದ ಪಾಠ, ಪ್ರದರ್ಶನ ಕೇಳುವ ಆಡಳಿತ ಮಂಡಳಿ, ನಾವೇನು ಮಾಡೋಣ?' ಎನ್ನುತ್ತಾರೆ ಶಿಕ್ಷಕಿಯರು. ಎರಡೂ ಮಾತುಗಳಲ್ಲಿ ಸತ್ಯಾಂಶವಿದೆ. ಆದರೆ ಎರಡೂ ಮಾತುಗಳು ಒಂದೇ ರೋಗದತ್ತ ಬೆರಳು ತೋರಿಸುತ್ತವೆ. ಮಗುವಿನ ಕಲಿಕೆಗಿಂತ ನೋಡುವವರ ಮೆಚ್ಚುಗೆ ನಮಗೆ ದೊಡ್ಡದಾಗಿದೆ.

ಗೋದಲಿಯ ಮೂಲವನ್ನೊಮ್ಮೆ ನೆನೆಯೋಣ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಸಿದ್ಧಪಡಿಸಿದ ಗೋದಲಿಯಲ್ಲಿ ಪ್ರತಿಮೆಗಳೇ ಇರಲಿಲ್ಲ. ಹುಲ್ಲು ತುಂಬಿದ ಮೇವುತೊಟ್ಟಿ, ಒಂದು ಎತ್ತು, ಒಂದು ಕತ್ತೆ, ಪಂಜು ಹಿಡಿದು ಬಂದ ಸುತ್ತಲಿನ ಜನ, ಅಲ್ಲಿಯೇ ಅರ್ಪಿಸಲಾದ ಬಲಿಪೂಜೆ ಇಷ್ಟೇ ಅದರ ವೈಭವ. ಅಂದಿನ ವಿಶ್ವಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಗೋದಲಿಯ ಕುರಿತ ಪತ್ರಕ್ಕೆ ಸಹಿ ಹಾಕಿ, ಮನೆಗಳಲ್ಲಿ ಮಾತ್ರವಲ್ಲದೆ ಶಾಲೆಗಳಲ್ಲಿಯೂ ಈ ಸಂಪ್ರದಾಯ ಮುಂದುವರಿಯಲೆಂದು ಆಶಿಸಿದರು. ಗೋದಲಿ ಹುಟ್ಟಿದ್ದು ಜನರು ಒಟ್ಟಾಗಿ ಸೇರುವುದರಿಂದ. ನಾವು ಅದನ್ನು ಸ್ಪರ್ಧೆಯನ್ನಾಗಿ ಮಾಡಿದ್ದೇವೆ.

ಇನ್ನು ಥರ್ಮಾಕೋಲ್ ವಿಚಾರ. ಅಲಂಕಾರಕ್ಕಾಗಿ ಅದರ ಬಳಕೆಯನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಸೃಷ್ಟಿಯ ರಕ್ಷಣೆಯನ್ನು ಕುರಿತ 'ಲೌದಾತೊ ಸಿ' ಪರಿಪತ್ರ ಬಂದದ್ದು 2015ರಲ್ಲಿ. ನಾವು ಪ್ರಾರ್ಥನಾ ಸಭೆಯಲ್ಲಿ ಆ ಪರಿಪತ್ರವನ್ನು ಹೊಗಳಿ, ಕಲಾ ತರಗತಿಗೆ ಥರ್ಮಾಕೋಲ್ ತರಿಸುತ್ತೇವೆ! ತಟ್ಟೆಯಲ್ಲಿ ರಾಗಿ ಬಿತ್ತಿ, ಮೊಳಕೆ ಬರಿಸಿ, ಗೋದಲಿಗೆ ಹಸಿರು ಹಾಸುವ ವಾಡಿಕೆ ನಮ್ಮ ಮನೆಗಳಿಗೆ ಹೊಸದೇ? ಜೇಡಿಮಣ್ಣು, ಅಡಿಕೆ ಹಾಳೆ, ತೆಂಗಿನ ಗರಿ, ಹಳೆಯ ವೃತ್ತಪತ್ರಿಕೆ ನಮ್ಮ ಊರುಗಳಲ್ಲಿ ದುರ್ಲಭವೇ?

ಸಮುದಾಯ ಸೇವೆಯ ಹೆಸರಿನಲ್ಲಿ ನಡೆಯುವುದೂ ಇದಕ್ಕಿಂತ ಬಹಳ ಭಿನ್ನವಲ್ಲ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ವೃದ್ಧಾಶ್ರಮಕ್ಕೆ ಹೋಗಿ, ಬಾಳೆಹಣ್ಣು, ಬಿಸ್ಕತ್ತು ಹಂಚಿ, ಬ್ಯಾನರ್ ಹಿಡಿದು ಭಾವಚಿತ್ರ ತೆಗೆಸಿಕೊಂಡು ಮರಳುತ್ತೇವೆ. ದಾನ ಮಾಡುವಾಗ ತುತೂರಿ ಊದಿಸಬೇಡಿರೆಂದು ಪ್ರಭು ಯೇಸು ಕಲಿಸಿದ್ದನ್ನು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಓದುತ್ತೇವೆ. ಇಂದಿನ ತುತೂರಿ ಮೊಬೈಲ್ ಫೋನಿನಲ್ಲಿದೆ. ಶಾಲೆಯ ಅಂಗಳವನ್ನು ದಿನವೂ ಗುಡಿಸುವ ಆಯಾಳ ಹೆಸರನ್ನೇ ಅರಿಯದ ಮಗು, ದೂರದ ವೃದ್ಧಾಶ್ರಮದಲ್ಲಿ ಯಾವ ಕರುಣೆಯನ್ನು ಕಲಿತೀತು?

ಪರ್ಯಾಯ ಕಷ್ಟವೇನೂ ಅಲ್ಲ. ಚಟುವಟಿಕೆಯ ಮೂಲಕ ಕಲಿಸುವ 'ನಲಿ-ಕಲಿ' ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿಯೇ ಆರಂಭವಾಯಿತಲ್ಲವೇ? ಅಲ್ಲಿನ ಶಿಕ್ಷಕರಿಂದ ಆದದ್ದು ನಮ್ಮಿಂದ ಆಗದೇ? ಕಲಾಕೃತಿ ತರಗತಿಯಲ್ಲಿಯೇ, ಮಗುವಿನ ಕೈಯಿಂದಲೇ ಆಗಲಿ. ನಲವತ್ತು ಗೋದಲಿಗಳ ಬದಲು ನಲವತ್ತು ಮಕ್ಕಳೂ ಸೇರಿ ಕಟ್ಟಿದ ಒಂದೇ ಗೋದಲಿ ಇರಲಿ, ಬಹುಮಾನ ಬೇಡ. ನಮ್ಮ ಶಾಲೆಗಳಲ್ಲಿ ಅನ್ಯಧರ್ಮೀಯ ಮಕ್ಕಳು ಬಹಳಷ್ಟಿದ್ದಾರೆ. ಯಾವ ಒತ್ತಾಯವೂ ಇಲ್ಲದೆ, ಒಪ್ಪಿ ಬಂದವರೆಲ್ಲ ಕುರಿಯನ್ನೋ ಕುರುಬನನ್ನೋ ಮಣ್ಣಿನಲ್ಲಿ ಮಾಡಲಿ. ಪೋಷಕರಲ್ಲಿ ಕುಂಬಾರರು, ಬುಟ್ಟಿ ಹೆಣೆಯುವವರು, ದರ್ಜಿಗಳು ಇದ್ದರೆ ಒಂದು ದಿನ ಅವರೇ ಗುರುಗಳಾಗಿ ಬರಲಿ. ತನ್ನ ತಂದೆ ತರಗತಿಯ ಮುಂದೆ ನಿಂತು ಕಲಿಸುವುದನ್ನು ಕಂಡ ಮಗು ಮತ್ತೆಂದೂ ಮೂಲೆಯಲ್ಲಿ ತಲೆ ತಗ್ಗಿಸದು. ಪ್ರಭು ಯೇಸು ಸಹ ಬಡಗಿಯೆಂದೇ ತಮ್ಮ ಊರಿನಲ್ಲಿ ಪರಿಚಿತರಾಗಿದ್ದರು.

ಸೇವೆಯೂ ಹತ್ತಿರದಿಂದಲೇ ಆರಂಭವಾಗಲಿ. ಆಯಾ, ಕಾವಲುಗಾರ, ಬಸ್ ಚಾಲಕರಿಗೆ ಮಕ್ಕಳೇ ಬರೆದ ಕೃತಜ್ಞತಾ ಪತ್ರ ಸಲ್ಲಲಿ. ಶಾಲೆಯ ಬೀದಿಯಲ್ಲಿ ಒಂಟಿಯಾಗಿ ಬದುಕುವ ಅಜ್ಜಿಯೊಬ್ಬರಿದ್ದರೆ, ಅವರು ಒಪ್ಪಿದಲ್ಲಿ, ನಾಲ್ಕು ಮಕ್ಕಳು ಶಿಕ್ಷಕಿಯೊಡನೆ ತಿಂಗಳಿಗೊಮ್ಮೆ ಹೋಗಿ ಅವರ ಕಥೆ ಕೇಳಿ ಬರಲಿ. ಕ್ಯಾಮರಾ ಶಾಲೆಯಲ್ಲಿಯೇ ಉಳಿಯಲಿ.

ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಗಳೇ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶಿಕ್ಷಣವನ್ನು ಕುರಿತ ತನ್ನ ಘೋಷಣೆಯಲ್ಲಿ ಸಾರಿತು. ನಾವು ಶಿಕ್ಷಕರಾಗುವ ಬದಲು ಮಕ್ಕಳ ಕೆಲಸದ ಗುತ್ತಿಗೆದಾರರಾಗಿದ್ದೇವೆ. ಆದ್ದರಿಂದ, ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಂತು ಸ್ಪರ್ಧೆ ಬೇಡವೆಂದು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಿರಿ. ಅಂಟು ಮೆತ್ತಿದ ಬೆರಳುಗಳಿಂದ ನಿಮ್ಮ ಮಗು ಕಟ್ಟಿದ ಕೊಟ್ಟಿಗೆ ಒಂದು ಕಡೆಗೆ ವಾಲಿದ್ದರೆ, ದಯವಿಟ್ಟು ಅದನ್ನು ನೇರ ಮಾಡಲು ಹೋಗಬೇಡಿರಿ.