ಗೆದ್ದರೆ ಮಾತ್ರ ಫೀಸು: ಒಂದು ಲೆಕ್ಕ



ಕಳೆದ ತಿಂಗಳು ನಮ್ಮ ಆರ್.ಎಚ್. ಕ್ಯಾಂಪಿನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅವನ ತಮ್ಮ ರಸ್ತೆ ಅಪಘಾತದಲ್ಲಿ ತೀರಿಕೊಂಡು ಕೆಲವೇ ವಾರಗಳಾಗಿದ್ದವು. ಆಸ್ಪತ್ರೆಯ ಬಾಗಿಲಲ್ಲೇ ಮಧ್ಯವರ್ತಿಯೊಬ್ಬ ಸಿಕ್ಕು, ವಕೀಲರಿಂದ ಪರಿಹಾರದ ಮೊಕದ್ದಮೆ ನಡೆಸಿಕೊಡುವುದಾಗಿಯೂ, ಬಂದ ಹಣದಲ್ಲಿ ನೂರಕ್ಕೆ ಮೂವತ್ತು ಕೊಟ್ಟರೆ ಸಾಕೆಂದೂ ಹೇಳಿದ್ದನಂತೆ. "ಸೋತ್ರ ಒಂದು ರೂಪಾಯಿನೂ ಬ್ಯಾಡ ಅಂತಾರ್ರಿ ಸರ್. ಒಳ್ಳೇದ ಅಲ್ರೀ?" ಎಂದು ಕೇಳಿದ.

ಗಣಿತ ಕಲಿಸಿದವನಿಗೆ ಮೊದಲು ಲೆಕ್ಕವೇ ಹೊಳೆಯುತ್ತದೆ. ಹತ್ತು ಲಕ್ಷ ಪರಿಹಾರ ಬಂದಿತೆನ್ನಿ. ಮೂರು ಲಕ್ಷ ಅವರ ಪಾಲು. ನ್ಯಾಯಮಂಡಳಿಯು ಸಾಮಾನ್ಯವಾಗಿ ಒಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಅರ್ಧ ಹಾಗೆ ಹೋದರೆ, ಕೈಗೆ ಬರುವ ಐದು ಲಕ್ಷದಲ್ಲಿಯೇ ಆ ಮೂರು ಲಕ್ಷವನ್ನು ಕೊಡಬೇಕು. ಸಂಸಾರಕ್ಕೆ ಉಳಿಯುವುದು ಎರಡೇ ಲಕ್ಷ. ಸೋತರೆ ಕೊಡಬೇಕಿಲ್ಲ ಎಂಬ ಮಾತು ಕಿವಿಗೆ ಇಂಪು. ಗೆದ್ದಾಗಲೇ ಅದರ ಬೆಲೆ ತಿಳಿಯುವುದು.

ನಮ್ಮ ದೇಶದಲ್ಲಿ ಇಂಥ ಒಪ್ಪಂದಕ್ಕೆ ಮಾನ್ಯತೆಯಿಲ್ಲ. ಮೊಕದ್ದಮೆಯ ಫಲಿತಾಂಶಕ್ಕೆ ಫೀಸನ್ನು ಕಟ್ಟಿಹಾಕುವುದನ್ನೂ, ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಅಪಘಾತದಲ್ಲಿ ಪತಿಯನ್ನು ಕಳೆದುಕೊಂಡ ಮಹಿಳೆಯೊಬ್ಬರಿಂದ ಪರಿಹಾರದ ಶೇಕಡಾವಾರು ಲೆಕ್ಕದಲ್ಲಿ ಪಡೆದ ಫೀಸಿನ ಚೆಕ್ಕಿನ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ಬಿ. ಸುನೀತಾ ಪ್ರಕರಣದಲ್ಲಿ ರದ್ದುಪಡಿಸಿತು. ಆದರೆ ನಿಗದಿತ ಫೀಸನ್ನು ಕಂತುಗಳಲ್ಲಿ ಪಡೆಯುವುದಕ್ಕೆ ಅಡ್ಡಿಯಿಲ್ಲ.

ಇಂಗ್ಲೆಂಡಿನಲ್ಲಿ "ಗೆಲ್ಲದಿದ್ದರೆ ಫೀಸಿಲ್ಲ" ಎಂಬುದು ಕಾನೂನುಬದ್ಧ. ಅಲ್ಲಿ ಗೆದ್ದ ವಕೀಲರು ಹೆಚ್ಚುವರಿ ಫೀಸು ಪಡೆಯಬಹುದು. ಗಾಯಾಳುಗಳ ಪ್ರಕರಣಗಳಲ್ಲಿ ಅದಕ್ಕೆ 2013ರಿಂದ ಮಿತಿಯಿದೆ: ಮುಂದಿನ ಆರೈಕೆ, ನಷ್ಟಗಳ ಹಣವನ್ನು ಬಿಟ್ಟು ಉಳಿದ ಪರಿಹಾರದ ಶೇಕಡಾ 25. ಬಡವನೂ ಕೋರ್ಟಿನ ಮೆಟ್ಟಿಲೇರಲಿ ಎಂಬುದೇ ಅದರ ಸಮರ್ಥನೆ. ಆ ವಾದವನ್ನು ನಾನು ತಳ್ಳಿಹಾಕಲಾರೆ. ಕೈಯಲ್ಲಿ ಕಾಸಿಲ್ಲದವನಿಗೆ ನಿಷೇಧವೊಂದೇ ನ್ಯಾಯ ಕೊಡಿಸದು.

ಆದರೆ ನಮ್ಮಲ್ಲಿ ಬೇರೊಂದು ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಮುಂತಾದವರು ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರ ನೆರವು ಪಡೆಯಲು ಅರ್ಹರು. ಇದಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಮಧ್ಯವರ್ತಿ ಆಸ್ಪತ್ರೆಯ ಬಾಗಿಲಿಗೆ ಬರುತ್ತಾನೆ. ಈ ಸುದ್ದಿ ಮಾತ್ರ ಬರುವುದಿಲ್ಲ. ಅದೇ ನನ್ನ ತಕರಾರು. ಸರಕಾರಿ ಆಸ್ಪತ್ರೆ, ಪೊಲೀಸ್ ಠಾಣೆಗಳಲ್ಲಿ ದುಃಖದಲ್ಲಿರುವ ಕುಟುಂಬಕ್ಕೆ ಈ ಮಾತನ್ನು ಮೊದಲೇ ಬಾಯಿಬಿಟ್ಟು ಹೇಳುವವರು ಬೇಕು.

ಮರುದಿನ ಅವನು ಅತ್ತಿಗೆ-ನಾದಿನಿಯರ ಮಾತಿಗೆ ಕಾಯದೆ, ತಮ್ಮನ ಹೆಂಡತಿಯನ್ನು ಸಿಂಧನೂರಿನ ಕೋರ್ಟಿಗೆ ಕರೆದೊಯ್ದು ಅರ್ಜಿ ಕೊಡಿಸಿದ. ಮೊಕದ್ದಮೆ ಇನ್ನು ನಡೆಯಬೇಕಿದೆ. ನಿಮ್ಮ ಓಣಿಯಲ್ಲಿ ಇಂಥ ಮನೆಯಿದ್ದರೆ, ಅವರು ಖಾಲಿ ಕಾಗದಕ್ಕೆ ಸಹಿ ಹಾಕುವ ಮುನ್ನ ದಯವಿಟ್ಟು ಇಷ್ಟನ್ನು ತಿಳಿಸಿ.