ಟ್ಯೂಬಿಂಗೆನ್ನಿಗೆ ಎರಡು ದಿನ

ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು, ಬರುವ ಬೇಸಿಗೆಯಲ್ಲಿ ನಾವು ಮೂವರೂ ಅಲ್ಲಿಗೆ ಬಂದು ಹೋಗಬೇಕೆಂದು ಕರೆ ಕಳಿಸಿದ್ದಾಳೆ. ಮೂವರೆಂದರೆ ನಾವು, ನಮ್ಮ ಮನೆಯವರು, ಮತ್ತು ಅಕ್ಕಲಕೋಟೆಯಲ್ಲಿರುವ ನಮ್ಮ ಮಾವನವರು. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿ ನಿವೃತ್ತರಾದ ಮಾವನವರಿಗೆ ಈಗ ವಯಸ್ಸು ಎಂಬತ್ತರ ಹತ್ತಿರ. ಎಡಮೊಣಕಾಲು ಮೆಟ್ಟಿಲನ್ನು ಒಪ್ಪುವುದಿಲ್ಲ. ಅದೊಂದನ್ನು ಬಿಟ್ಟರೆ ದೇವರ ದಯದಿಂದ ಗಟ್ಟಿಯಾಗಿಯೇ ಇದ್ದಾರೆ.

ಕರೆಯ ಜೊತೆಗೆ ಮಗಳು ಒಂದು ಯಾದಿಯನ್ನೂ ಕಳಿಸಿದ್ದಳು. ಅವಳಿಗೆ ದೊರೆತ ರಜೆ ಒಂದೇ ವಾರ. ಆ ವಾರದಲ್ಲಿ ಕೊಲೋನ್, ಬರ್ಲಿನ್, ಮ್ಯೂನಿಕ್, ಹೈಡೆಲ್‌ಬರ್ಗ್ ಮೊದಲಾದ ಆರು ಊರುಗಳು. ದಿನಕ್ಕೊಂದು ಊರು, ರಾತ್ರಿಗೊಂದು ವಸತಿಗೃಹ. ಯಾದಿ ನೋಡಲು ಬಲು ಚೆಂದವಾಗಿತ್ತು. ಆದರೆ ನಾವು ರೇಲ್ವೆ ವೇಳಾಪತ್ರಿಕೆಯ ಮುಂದೆ ಕುಳಿತು ಲೆಕ್ಕ ಹಾಕಿದಾಗ ಬೇರೆಯೇ ಚಿತ್ರ ಕಂಡಿತು. ಕೊಲೋನಿನಿಂದ ಬರ್ಲಿನ್ನಿಗೆ ವೇಗದ ಗಾಡಿಯಲ್ಲಿಯೇ ನಾಲ್ಕು ತಾಸಿನ ಮೇಲೆ. ಬರ್ಲಿನ್ನಿನಿಂದ ಮ್ಯೂನಿಕ್ಕಿಗೆ ಮತ್ತೆ ಸುಮಾರು ನಾಲ್ಕು ತಾಸು. ವಸತಿಗೃಹ ಬಿಡುವ ಹೊತ್ತು, ಗಂಟುಮೂಟೆ ಹೊತ್ತು ನಿಲ್ದಾಣ ಸೇರುವ ಹೊತ್ತು, ಹೊಸ ಊರಿನಲ್ಲಿ ಮತ್ತೊಂದು ವಸತಿಗೃಹ ಹುಡುಕುವ ಹೊತ್ತು ಇವನ್ನೆಲ್ಲ ಸೇರಿಸಿದರೆ ಊರು ನೋಡಲು ಉಳಿಯುವುದು ದಿನಕ್ಕೆ ಮೂರೋ ನಾಲ್ಕೋ ತಾಸು. ಎಂಬತ್ತರ ಸಮೀಪದ ಹಿರಿಯರಿಗೆ ಅದೂ ಉಳಿಯಲಾರದು.

ಇಂಥ ಯಾದಿಯೊಂದನ್ನು ನಾವೇ ಒಮ್ಮೆ ಮಾಡಿದ್ದೆವು. 1988ರ ಮಾತು. ಸೊಲ್ಲಾಪುರದಿಂದ ಹೊಟಗಿಯ ಮೇಲೆ ಗದಗಿಗೆ ಹೋಗುವ ದಾರಿ ಆಗಿನ್ನೂ ಮೀಟರ್‌ಗೇಜ್. ವಿಜಾಪುರ, ಕೂಡಲಸಂಗಮ, ಬಾದಾಮಿ, ಪಟ್ಟದಕಲ್ಲು, ಹಂಪಿ ಎಲ್ಲವನ್ನೂ ನಾಲ್ಕು ದಿನದಲ್ಲಿ ಮುಗಿಸುವುದೆಂದು ನಾವು ಕಾಗದದ ಮೇಲೆ ಗೆರೆ ಎಳೆದು, ಅತ್ತೆ–ಮಾವನವರನ್ನೂ ಕರೆದುಕೊಂಡು ಹೊರಟೆವು. ನಮ್ಮ ಅತ್ತೆಯವರು ಬೇಡಿದ್ದು ಒಂದೇ ಒಂದು: ಬಾದಾಮಿಯ ಬಳಿಯ ಬನಶಂಕರಿಗೆ ಉಡಿ ತುಂಬುವುದು. ಮೊದಲನೆಯ ದಿನವೇ ಗಾಡಿ ತಡವಾಯಿತು. ಆ ತಡ ಉಳಿದ ದಿನಗಳನ್ನೆಲ್ಲ ನೂಕುತ್ತ ಬಂದಿತು. ಬಾದಾಮಿಯನ್ನು ಮುಟ್ಟಿದ್ದು ರಾತ್ರಿ. ಬಿಟ್ಟದ್ದು ನಸುಕಿನಲ್ಲಿ, ಏಕೆಂದರೆ ಹಂಪಿಯ ಮೋಟಾರು ತಪ್ಪಬಾರದೆಂದು ನಮ್ಮ ಹಟ. ಐದು ಕಿಲೋಮೀಟರ್ ದೂರದ ಗುಡಿಗೆ ಹೋಗಲಾಗಲಿಲ್ಲ. ಉಡಿಯ ಸಾಮಾನಿನ ಗಂಟನ್ನು ಅತ್ತೆಯವರು ಮಡಿಲಲ್ಲಿಟ್ಟುಕೊಂಡೇ ಹಂಪಿಯನ್ನು ನೋಡಿದರು. "ಇರಲಿ ಬಿಡ್ರಿ, ಮುಂದಿನ ಸಲ ಬಂದ್ರಾತು" ಎಂದರು. ಮುಂದಿನ ಸಲ ಬರಲಿಲ್ಲ. 1991ರಲ್ಲಿ ಅವರು ತೀರಿಕೊಂಡರು. ಮಾವನವರು ಈ ವಿಷಯವನ್ನು ಇಂದಿನವರೆಗೆ ನಮ್ಮೆದುರು ಎತ್ತಿಲ್ಲ. ಎತ್ತಿದ್ದರೆ ನಮಗೆ ತುಸು ಹಗುರವಾಗುತ್ತಿತ್ತೇನೋ.

ಆದುದರಿಂದ ಈ ಸಲ ನಾವು ಯಾದಿಯನ್ನು ಬದಿಗಿಟ್ಟು, ಮೊದಲು ಮಾವನವರನ್ನೇ ಕೇಳಿದೆವು. ಫೋನಿನಲ್ಲಿ ಮೊಮ್ಮಗಳು ಮಾತನಾಡುತ್ತಿದ್ದಳು. ಅವರು ಅವಳಿಗೆ, "ಅವ್ವಾ, ನಿನ್ನ ಯಾದಿ ಚಲೋ ಐತಿ. ಇದರಾಗ ಟ್ಯೂಬಿಂಗೆನ್ ಎಲ್ಲಿ ಐತಿ?" ಎಂದರು.

"ಅಜ್ಜಾ, ಅದು ಸಣ್ಣ ಊರು. ಇಲ್ಲಿಂದ ಒಂದು ತಾಸು. ಅಲ್ಲೇನು ನೋಡ್ತೀರಿ?"

"ಕಿಟೆಲ್ ಸಾಹೇಬ್ರು ತೀರಿಕೊಂಡ ಊರದು. ನನಗ ಅದೊಂದ ಸಾಕು. ಬಾಕಿ ಊರು ನೀವು ನೋಡ್ರಿ."

ಸೊಲ್ಲಾಪುರದ ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಮ್ಮ ಮಗಳು ಕನ್ನಡವನ್ನು ಆಡಬಲ್ಲಳು, ಓದಲಾರಳು. ತಪ್ಪು ಅವಳದಲ್ಲ, ಅವಳನ್ನು ಅಲ್ಲಿಗೆ ಕಳಿಸಿದ ನಮ್ಮದು. ಕಿಟೆಲ್ ಯಾರೆಂದು ಅವಳಿಗೆ ಅಜ್ಜನೇ ಹೇಳಬೇಕಾಯಿತು. ಜರ್ಮನಿಯ ಬಡಗಣ ಕಡಲ ತೀರದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್, ಬಾಸೆಲ್ ಮಿಷನ್ನಿನವರಾಗಿ 1853ರಲ್ಲಿ ನಮ್ಮ ದೇಶಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಬಾಳಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿಗೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ಕನ್ನಡ ವ್ಯಾಕರಣವು ಹೊರಬಂದದ್ದು 1903ರಲ್ಲಿ; ಅದೇ ವರ್ಷದ ಕೊನೆಗೆ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಶಾಲೆಯ ಕಪಾಟಿನಲ್ಲಿದ್ದ ಆ ನಿಘಂಟಿನ ಮರುಮುದ್ರಣವನ್ನು ಮಾವನವರು ಎಷ್ಟು ಸಲ ತಿರುವಿದ್ದಾರೋ, ಅವರೇ ಬಲ್ಲರು. ಅವರ ಮಟ್ಟಿಗೆ ಟ್ಯೂಬಿಂಗೆನ್ ಎಂಬುದು ಮುನ್ನುಡಿಯಲ್ಲಿ ಸಿಕ್ಕ ಹೆಸರಲ್ಲ. ನೋಡಿ ಬರಬೇಕಾದ ಗುರುವಿನ ಊರು.

ಅಲ್ಲಿಂದ ನಮ್ಮ ಕೆಲಸ ಸುಲಭವಾಯಿತು. ನಡುವೆ ಟ್ಯೂಬಿಂಗೆನ್ನನ್ನು ನೆಟ್ಟು, ಸುತ್ತಲಿನದನ್ನು ಅದಕ್ಕೆ ಹೊಂದಿಸುತ್ತ ಹೋದೆವು.

ಮೊದಲನೆಯ ಪ್ರಶ್ನೆ ಬಿಡಾರದ್ದು. ಸೊಲ್ಲಾಪುರದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೊರಗಿನಿಂದ ಬಂದ ಬೀಗರು ನಮ್ಮ ಮನೆಯಲ್ಲಿ ಗಂಟು ಇಳಿಸಿ, ಒಂದು ದಿನ ಅಕ್ಕಲಕೋಟೆ, ಒಂದು ದಿನ ತುಳಜಾಪುರ, ಒಂದು ದಿನ ಪಂಢರಪುರ, ಒಂದು ದಿನ ಗಾಣಗಾಪುರ ಎಂದು ಹೋಗಿ ರಾತ್ರಿ ಊಟಕ್ಕೆ ಮರಳುತ್ತಾರಲ್ಲವೆ? ಸ್ಟುಟ್‌ಗಾರ್ಟ್‌ನಲ್ಲಿ ಮಗಳ ಮನೆಯೇ ಅಂಥ ಬಿಡಾರ. ಎಸ್‌ಲಿಂಗೆನ್, ರಾಯ್ಟ್‌ಲಿಂಗೆನ್, ಟ್ಯೂಬಿಂಗೆನ್ ಮೂರೂ ಅಲ್ಲಿಂದ ಹೊರಡುವ ಒಂದೇ ದಾರಿಯ ಮೇಲಿವೆ.

ಎರಡನೆಯದು, ನಿಲ್ದಾಣಕ್ಕೂ ಊರಿಗೂ ಇರುವ ಅಂತರ. 'ಅಕ್ಕಲಕೋಟ ರೋಡ್' ಎಂಬ ಫಲಕ ಕಂಡು ಇಳಿದ ಪರಸ್ಥಳದ ಭಕ್ತರು ಊರು ಎಲ್ಲಿ ಎಂದು ಸುತ್ತ ನೋಡುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ; ಊರು ಇರುವುದು ಹತ್ತು ಕಿಲೋಮೀಟರಿನಾಚೆ. ಗಾಣಗಾಪುರ ರೋಡಿನ ಕತೆ ಅದಕ್ಕಿಂತ ಉದ್ದ. ರೇಲ್ವೆಯ ಭಾಷೆಯಲ್ಲಿ 'ರೋಡ್' ಎಂದರೆ 'ಇಲ್ಲಿಂದ ಮುಂದೆ ನಿಮ್ಮ ಪಾಡು ನಿಮ್ಮದು' ಎಂದು ಅರ್ಥ. ಜರ್ಮನಿಯಲ್ಲಿ ಈ ಪದವಿಲ್ಲದಿದ್ದರೂ ಸಂಗತಿ ಇದ್ದೇ ಇದೆ. ಕಿಟೆಲ್ಲರು ಹುಟ್ಟಿದ ರೆಸ್ಟರ್‌ಹಾಫೆಯನ್ನು ಬಿಡಲು ಕಾರಣ ಅದೇ: ದೇಶದ ಈ ತುದಿಯಿಂದ ಆ ತುದಿಗೆ ಒಂದು ಇಡೀ ದಿನದ ಗಾಡಿ, ಅಲ್ಲಿಂದ ಮುಂದೆ ರಸ್ತೆಯ ದಾರಿ, ಮರಳಲು ಮತ್ತೊಂದು ದಿನ. ಟ್ಯೂಬಿಂಗೆನ್ನಿನಲ್ಲಿ ಹಾಗಲ್ಲ. ನಿಲ್ದಾಣದಿಂದ ನೆಕ್ಕರ್ ಹೊಳೆಯ ಸೇತುವೆ ದಾಟಿದರೆ ಹಳೆಯ ಊರು ಬಂದಿತು. ಆದರೆ ಆ ಊರು ಏರಿನ ಮೇಲಿದೆ, ನೆಲಕ್ಕೆ ಕಲ್ಲು ಹಾಸಿದೆ. ಕೋಟೆಯ ಅರಮನೆಯನ್ನು ಮೊಣಕಾಲಿನ ಸಲುವಾಗಿ ಕೈಬಿಟ್ಟು, ಹೊಳೆಯ ದಂಡೆಯನ್ನೂ ಅಲ್ಲಿಯ ಹೋಲ್ಡರ್‌ಲಿನ್ ಕವಿಯ ಗೋಪುರವನ್ನೂ ಇಟ್ಟುಕೊಂಡೆವು.

ಮಗಳು ಒಂದೇ ದಿನದಲ್ಲಿ ಹೋಗಿ ಬರೋಣವೆಂದಳು. ನಾವು ಒಪ್ಪಲಿಲ್ಲ. ಬೆಳಿಗ್ಗೆ ಗಾಡಿ ತಡವಾದರೆ? ಜರ್ಮನಿಯ ಗಾಡಿಗಳೆಂದರೆ ಗಡಿಯಾರವಿದ್ದಂತೆ ಎಂದು ನಾವು ಬಾಲ್ಯದಿಂದ ಕೇಳುತ್ತ ಬಂದವರು. ಈಗಿನ ಲೆಕ್ಕ ಬೇರೆ: 2024ರಲ್ಲಿ ಅಲ್ಲಿಯ ದೂರದ ಗಾಡಿಗಳಲ್ಲಿ ವೇಳೆಗೆ ಸರಿಯಾಗಿ ಬಂದವು ನೂರಕ್ಕೆ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದೇ ಎಣಿಸದೆ! ಇದನ್ನು ಓದಿ ಮಾವನವರಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಅರವತ್ತು ನಿಮಿಷ ತಡವಾದರೆ ತಿಕೀಟಿನ ಕಾಲು ಭಾಗ, ನೂರಿಪ್ಪತ್ತು ನಿಮಿಷವಾದರೆ ಅರ್ಧ ಹಣವನ್ನು ಮರಳಿ ಕೇಳಬಹುದೆಂಬ ನಿಯಮವು ಐರೋಪ್ಯ ಒಕ್ಕೂಟದಲ್ಲಿದೆ. ಹಣ ಮರಳೀತು, ದಿನ ಮರಳುವುದಿಲ್ಲ. ಆದುದರಿಂದ ಟ್ಯೂಬಿಂಗೆನ್ನಿಗೆ ಎರಡು ದಿನ, ನಡುವೆ ಒಂದು ರಾತ್ರಿ ಅಲ್ಲಿಯೇ ವಸತಿ. ಇಡೀ ಪ್ರವಾಸದಲ್ಲಿ ಬಿಡಾರ ಬದಲಿಸುವುದು ಇದೊಂದೇ ಸಲ. ಮೊದಲ ದಿನ ಏನೇ ಕೆಟ್ಟರೂ ಎರಡನೆಯ ಬೆಳಗು ನಮ್ಮ ಕೈಯಲ್ಲಿರುತ್ತದೆ.

ತಿಕೀಟಿನ ವಿಷಯವನ್ನು ಕೆಲವು ವಾಚಕರು ಮುಂದೆ ಕೇಳಬಹುದೆಂದು ಇಲ್ಲಿಯೇ ಬರೆದಿಡುತ್ತೇವೆ. ಅಲ್ಲಿಯ ಪ್ರಾದೇಶಿಕ ಗಾಡಿಗಳಿಗೆ ನಮ್ಮಲ್ಲಿಯ ಹಾಗೆ ಮುಂಗಡ ಆಸನವಿಲ್ಲ, ವೇಟಿಂಗ್ ಲಿಸ್ಟೂ ಇಲ್ಲ; ತಿಕೀಟಿದ್ದವರು ಹತ್ತಿ ಕುಳಿತುಕೊಳ್ಳುವುದು. ಇಡೀ ದೇಶದ ಪ್ರಾದೇಶಿಕ ಗಾಡಿಗಳಿಗೂ ನಗರದ ಬಸ್ಸು–ಟ್ರಾಮುಗಳಿಗೂ ನಡೆಯುವ 'ಡಾಯ್ಚ್‌ಲಾಂಡ್ ತಿಕೀಟು' 2023ರ ಮೇ ತಿಂಗಳಲ್ಲಿ 49 ಯೂರೋಕ್ಕೆ ಆರಂಭವಾಗಿ, 2025ರಲ್ಲಿ 58ಕ್ಕೂ 2026ರ ಜನವರಿಯಿಂದ 63ಕ್ಕೂ ಏರಿದೆ. ಅದು ತಿಂಗಳ ಚಂದಾ. ರದ್ದು ಮಾಡುವುದನ್ನು ಮರೆತರೆ ಮುಂದಿನ ತಿಂಗಳೂ ಹಣ ಹೋಗುತ್ತದೆ. ವೇಗದ ಗಾಡಿಗಳಿಗೆ ಅದು ನಡೆಯದು. ನಾಲ್ಕೈದು ಜನ ಕೂಡಿ ಒಂದೇ ದಿನ ತಿರುಗುವುದಿದ್ದರೆ ಆ ರಾಜ್ಯದ್ದೇ ಆದ 'ಬಾಡೆನ್–ವುರ್ಟೆಂಬರ್ಗ್ ತಿಕೀಟು' ಲಾಭ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಹತ್ತಬೇಕೆಂಬುದೇ ಕಟ್ಟಳೆ. ಮಾವನವರ ಪೂಜೆ–ಉಪಾಹಾರ ಮುಗಿಯುವುದೂ ಒಂಬತ್ತಕ್ಕೇ.

ಎಸ್‌ಲಿಂಗೆನ್ನಿಗೆ ಅರ್ಧ ದಿನ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಕನ್ನಡದ ಮೊದಲ ಪತ್ರಿಕೆಯನ್ನು ನಡೆಸಿದವರ ಊರನ್ನು ಪತ್ರಿಕೆಗೆ ಬರೆಯುವ ನಾವು ದಾಟಿ ಹೋಗುವುದು ಸಲ್ಲದಷ್ಟೆ. ರಾಯ್ಟ್‌ಲಿಂಗೆನ್ ನಮ್ಮ ಮನೆಯವರ ಆಯ್ಕೆ. ಅದು ನೆಯ್ಗೆ ಹೆಣಿಗೆಗಳ ಊರಾಗಿತ್ತು, ಹೆಣಿಗೆಯ ಯಂತ್ರಗಳಿಗೆ ಹೆಸರಾದದ್ದು. ಚಾದರಿನ ಊರಿನವರು ನೋಡತಕ್ಕದ್ದೆಂದು ಅವರ ವಾದ. ಅಲ್ಲಿ ಒಂದು ಕಡೆ ಕೇವಲ 31 ಸೆಂಟಿಮೀಟರ್ ಅಗಲದ ಓಣಿಯೊಂದಿದೆಯಂತೆ. ನಾವು ಅದರಲ್ಲಿ ಹಾಯಲಾರೆವೆಂಬುದನ್ನು ಮನೆಯವರು ಈಗಲೇ ಸಾರಿಬಿಟ್ಟಿದ್ದಾರೆ.

ಕಾಲ್ವ್ ಊರಿನ ವಿಷಯದಲ್ಲಿ ಮಾತ್ರ ಚರ್ಚೆ ಎರಡು ವಾರ ನಡೆಯಿತು. ಮಲೆಯಾಳದ ನಿಘಂಟನ್ನು 1872ರಲ್ಲಿ ಕೊಟ್ಟ ಹೆರ್ಮನ್ ಗುಂಡರ್ಟ್ ತೀರಿಕೊಂಡ ಊರು ಅದು. ಅವರ ಮೊಮ್ಮಗ, ಕಾದಂಬರಿಕಾರ ಹೆರ್ಮನ್ ಹೆಸ್ಸೆ ಹುಟ್ಟಿದ ಊರೂ ಅದೇ. ಟ್ಯೂಬಿಂಗೆನ್ನಿನಿಂದ ಹೋರ್ಬ್ ಎಂಬಲ್ಲಿಗೆ ಹೋಗಿ, ನಾಗೋಲ್ಡ್ ಕಣಿವೆಯ ಗಾಡಿ ಹಿಡಿದು, ಕಾಲ್ವ್ ನೋಡಿ, ಫೋರ್ಟ್ಸ್‌ಹೈಮ್ ಮೇಲೆ ಸ್ಟುಟ್‌ಗಾರ್ಟ್ ಸೇರಬಹುದು. ಹೋದ ದಾರಿಯಲ್ಲೇ ಮರಳಬೇಕಾಗಿಲ್ಲ. ನಕ್ಷೆಯ ಮೇಲೆ ಇದಕ್ಕಿಂತ ಸೊಗಸಾದ ಸುತ್ತು ಇಲ್ಲ. ನಾವು ಬಹಳ ಆಸೆಪಟ್ಟೆವು. ಆದರೆ ಗಾಡಿ ಬದಲಿಸುವ ಪ್ರತಿ ಊರಿನಲ್ಲೂ ಮೆಟ್ಟಿಲು ಹತ್ತಿಳಿಯುವುದು ಯಾರು? "ಸೊಗಸಾದ ಸುತ್ತು" ಎಂಬ ಮಾತು ನಮ್ಮ ಬಾಯಿಂದ ಬಂದಾಗ ಮನೆಯವರು ನಮ್ಮತ್ತ ಒಮ್ಮೆ ನೋಡಿದರು. 1988ರಲ್ಲಿಯೂ ನಾವು ಇದೇ ಮಾತು ಆಡಿದ್ದೆವಂತೆ. ಕಾಲ್ವ್ ಬಿಟ್ಟೆವು.

ಬಾಸೆಲ್ಲನ್ನೂ ಬಿಟ್ಟೆವು, ಆದರೆ ಅದರ ಒಂದು ಸಂಗತಿ ಗಡಿಯವರಾದ ನಮಗೆ ಹಿಡಿಸಿತು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿಯ 'ಬಾಡಿಷರ್ ಬಾನ್‌ಹೋಫ್' ಎಂಬ ನಿಲ್ದಾಣವನ್ನು ನಡೆಸುವುದು ಜರ್ಮನಿಯ ರೇಲ್ವೆ. ಕರ್ನಾಟಕದ ಕಲಬುರಗಿ ನಿಲ್ದಾಣವು ನಮ್ಮ ಸೊಲ್ಲಾಪುರ ವಿಭಾಗಕ್ಕೆ ಸೇರಿರುವುದನ್ನು ನೆನೆದು ಮಾವನವರು, "ಹಂಗಾದ್ರ ಅವರೂ ನಮ್ಮಂಗ" ಎಂದರು.

ಒಟ್ಟು ಲೆಕ್ಕ ಹೀಗಾಯಿತು. ಸೊಲ್ಲಾಪುರದಿಂದ ರಾತ್ರಿಯ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿ. ಅಲ್ಲಿಂದ ವಿಮಾನದಲ್ಲಿ ಫ್ರಾಂಕ್‌ಫರ್ಟ್. ಆ ವಿಮಾನ ನಿಲ್ದಾಣದಲ್ಲಿಯೇ ರೇಲ್ವೆ ನಿಲ್ದಾಣವಿದ್ದು, ಸ್ಟುಟ್‌ಗಾರ್ಟಿಗೆ ನೇರ ಗಾಡಿಯಿದೆ. ವೇಗದ ಗಾಡಿ ಹಿಡಿಯುವುದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಅಷ್ಟೇ. ಅದಕ್ಕೆ ಆಸನವನ್ನು ಬೇರೆ ಹಣ ತೆತ್ತು ಕಾದಿರಿಸಲು ಹೇಳಿದ್ದೇವೆ. ಸ್ಟುಟ್‌ಗಾರ್ಟಿನ ಮುಖ್ಯ ನಿಲ್ದಾಣದಲ್ಲಿ 2010ರಿಂದ ನೆಲದಡಿಯ ಹೊಸ ನಿಲ್ದಾಣದ ಕೆಲಸ ನಡೆದಿದ್ದು, ಪ್ಲಾಟ್‌ಫಾರ್ಮಿನಿಂದ ಹೊರಗೆ ಬರಲು ಬಹಳ ನಡೆಯಬೇಕಾಗುತ್ತದೆಂದು ಮಗಳು ಎಚ್ಚರಿಸಿದ್ದಾಳೆ. ಮೊದಲ ದಿನ ಪೂರ್ತಿ ವಿಶ್ರಾಂತಿ. ಬಳಿಕ ಎಸ್‌ಲಿಂಗೆನ್. ಬಳಿಕ ಟ್ಯೂಬಿಂಗೆನ್ನಿನ ಎರಡು ದಿನ. ಬಳಿಕ ರಾಯ್ಟ್‌ಲಿಂಗೆನ್. ಒಂದು ದಿನ ಖಾಲಿ; ಅದಕ್ಕೆ ಯಾವ ಊರನ್ನೂ ಬರೆಯಗೊಡುವುದಿಲ್ಲವೆಂದು ಮನೆಯವರ ಆಜ್ಞೆ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುವುದರಿಂದ ಆ ಖಾಲಿ ದಿನವನ್ನು ಭಾನುವಾರಕ್ಕೇ ಹಾಕಿದ್ದೇವೆ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇರುತ್ತವೆ. ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ಒಯ್ಯುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿರುವುದರಿಂದ ತುಪ್ಪವನ್ನೂ ಪೇಡೆಯನ್ನೂ ಮನೆಯಲ್ಲಿಯೇ ಬಿಡಬೇಕು. ವಿಸಾ, 30,000 ಯೂರೋಕ್ಕೆ ಕಡಿಮೆಯಿಲ್ಲದ ವಿಮೆ, ಮೊದಲಾದ ಕಾಗದಪತ್ರಗಳ ಕತೆಯನ್ನು ಮುಂದಿನ ತಿಂಗಳು ಬರೆಯುತ್ತೇವೆ.

ಸದ್ಯ ಮಾವನವರು ಒಂದು ನೋಟುಬುಕ್ಕಿನಲ್ಲಿ ದಾರಿಯ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಎದುರಿನ ಪುಟದಲ್ಲಿ ಅದೇ ಹೆಸರುಗಳನ್ನು ಜರ್ಮನ್ ಕಾಗುಣಿತದಲ್ಲಿ ಮೊಮ್ಮಗಳು ತುಂಬಬೇಕು. ಅವಳು ಅವರ ಪುಟವನ್ನು ಓದಲು ಕಲಿಯಬೇಕು ಎಂಬುದು ಅವರು ಹಾಕಿದ ಕರಾರು. ಆ ಊರಿನ ಮೊದಲ ಅಕ್ಷರದ ಉಚ್ಚಾರಕ್ಕೆ ಕನ್ನಡದಲ್ಲಿ ಸರಿಯಾದ ಸ್ವರವಿಲ್ಲ. 'ತ್ಯೂ' ಬರೆಯುವುದೋ 'ಟ್ಯೂ' ಬರೆಯುವುದೋ ಎಂದು ಮೊನ್ನೆ ಅಕ್ಕಲಕೋಟೆಯಿಂದ ಫೋನಿನಲ್ಲಿ ಕೇಳಿದರು. ಮಗಳು ಆ ಶಬ್ದವನ್ನು ನಾಲ್ಕು ಸಲ ನಿಧಾನವಾಗಿ ಉಚ್ಚರಿಸಿದಳು. ಅವರು ಇನ್ನೂ ನಿರ್ಧರಿಸಿಲ್ಲ. ಆ ಗೆರೆಯನ್ನು ಖಾಲಿ ಬಿಟ್ಟು ಮುಂದಿನ ನಿಲ್ದಾಣಕ್ಕೆ ಹೋಗಿದ್ದಾರೆ.